ಉಪವಾಸದ ಭಾನುವಾರ

2019ರ ಜನವರಿ 6ರ ಬೆಳಿಗ್ಗೆ ಪಕ್ಕದ ಮನೆಯ ಯಜಮಾನರು ನಮ್ಮ ಬಾಗಿಲು ತಟ್ಟಿ, ತಾವು ಮಕ್ಕಳನ್ನು ಕರೆದುಕೊಂಡು ಪ್ರಾರ್ಥನಾ ಸಭೆಗೆ ಹೋಗಿಬರುವ ತನಕ ತಮ್ಮ ಹೆಂಡತಿಯ ಬಳಿ ಕುಳಿತಿರಲು ಆಗುವುದೇ ಎಂದು ಕೇಳಿದರು. ಅಮೆರಿಕದ ಯೂಟಾ ರಾಜ್ಯದ ಓರೆಮ್‌ ಊರಿನಲ್ಲಿ ನಾವು ನೆಲೆಸಿ ಆಗ ಐದನೆಯ ವರ್ಷ ನಡೆಯುತ್ತಿತ್ತು. ನಮ್ಮ ಬೀದಿಯ ಬಹುತೇಕ ಮನೆಗಳವರು ಅದೇ ಸಭೆಗೆ ಹೋಗುವವರಾದ್ದರಿಂದ, ಆ ಹೊತ್ತಿಗೆ ಬಿಡುವಾಗಿ ಸಿಗುವವಳು ನಾನೊಬ್ಬಳೇ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಲೋಕವೆಲ್ಲ ಅವರನ್ನು ಮಾರ್ಮನ್ನರು ಎಂದೇ ಕರೆಯುತ್ತದೆ. ಆದರೆ 2018ರಲ್ಲಿ ಅವರ ಸಭೆಯ ಅಧ್ಯಕ್ಷ ರಸೆಲ್ ನೆಲ್ಸನ್ ಅವರು ಆ ಹೆಸರನ್ನು ಬಿಟ್ಟು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್’ ಎಂಬ ಪೂರ್ಣ ಹೆಸರನ್ನೇ ಬಳಸಬೇಕೆಂದು ಕೇಳಿಕೊಂಡ ಮೇಲೆ, ನಮ್ಮ ನೆರೆಯವರು ಮಾತಿನ ನಡುವೆ ಹಳೆಯ ಹೆಸರು ಬಾಯಿಗೆ ಬಂದರೆ ನಿಂತು ತಿದ್ದಿಕೊಳ್ಳುತ್ತಿದ್ದರು. ಯಜಮಾನರು ಶಾಲೆಯಲ್ಲಿ ಗಣಿತ ಕಲಿಸುವ ಮೇಷ್ಟರು. ಕಾಫಿ, ಟೀ, ಮದ್ಯ, ತಂಬಾಕು ಯಾವುದನ್ನೂ ಮುಟ್ಟದವರು. ಸೋಮವಾರದ ಸಂಜೆಯನ್ನು ಅವರ ಪಂಥದ ಪದ್ಧತಿಯಂತೆ ಮನೆಮಂದಿಗೆಂದೇ ಮೀಸಲಿಟ್ಟು, ಆ ದಿನ ಶಾಲೆಯ ಕೆಲಸವನ್ನೇ ಆಗಲಿ ಬೇರೊಬ್ಬರ ಕರೆಯನ್ನೇ ಆಗಲಿ ಮನೆಯೊಳಕ್ಕೆ ಬಿಡದವರು.

ಅವರ ಹೆಂಡತಿಗೆ ಅಂಡಾಶಯದ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಅದು ಹೊಟ್ಟೆಯ ಒಳಪೊರೆಗೆಲ್ಲ ಹರಡಿ, ನೀರು ತುಂಬಿ ಹೊಟ್ಟೆ ಬಿಗಿದುಕೊಂಡಿತ್ತು. ಕೀಮೋಥೆರಪಿ ಶುರುವಾದ ಮೇಲೆ ತಿಂದದ್ದೆಲ್ಲ ನಾಣ್ಯ ನೆಕ್ಕಿದ ಹಾಗಿದೆ ಎನ್ನುತ್ತಿದ್ದರು. ಅವರ ಸಭೆಯ ಹೆಂಗಸರ ಸಂಘವಾದ ರಿಲೀಫ್ ಸೊಸೈಟಿ, 1842ರಲ್ಲಿ ಹುಟ್ಟಿದ್ದು, ಯಾವ ದಿನ ಯಾರ ಮನೆಯಿಂದ ಊಟ ಎಂದು ಪಟ್ಟಿ ಮಾಡಿತ್ತು. ನಾನು ಹೊರಗಿನವಳಾದರೂ ಗುರುವಾರ ನನ್ನ ಪಾಲಿಗೆ ಬಂತು. ನಾನು ಒಯ್ದದ್ದರಲ್ಲಿ ಅವರ ನಾಲಿಗೆಗೆ ರುಚಿಯೆನಿಸಿದ್ದು ಮೆಣಸಿನ ಸಾರು ಒಂದೇ. ಆಮೇಲೆ ಗುರುವಾರವೆಂದು ಕಾಯದೆ, ಕುದಿಸಿದಾಗಲೆಲ್ಲ ಒಂದು ಲೋಟ ಅವರಿಗೆಂದು ತೆಗೆದಿಡುತ್ತಿದ್ದೆ.

ಆ ಭಾನುವಾರ ನಾನು ಒಳಗೆ ಹೋದಾಗ, ನಡುಮನೆಯಲ್ಲಿ ಹಾಕಿದ್ದ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಯಜಮಾನರು ನೆಲದ ಮೇಲೆ ಮಂಡಿಯೂರಿ ಕುಳಿತು, ಏಳು ವರ್ಷದ ಕಿರಿಯ ಮಗಳ ಜಡೆ ಹೆಣೆಯುತ್ತಿದ್ದರು. ಮಲಗಿದ್ದಲ್ಲಿಂದಲೇ ಆಕೆ, ಬಲಗಡೆಯ ಕಾಲನ್ನು ನಡುವಿನದರ ಮೇಲೆ ತನ್ನಿ, ಬಿಗಿಯಾಗಿ ಹಿಡಿಯಿರಿ ಎಂದು ಹೇಳಿಕೊಡುತ್ತಿದ್ದರು. ಅರ್ಧ ಹೆಣೆದದ್ದು ಬಿಚ್ಚಿಹೋಯಿತು. ಅವರು ಮತ್ತೆ ಮೊದಲಿನಿಂದ ಶುರುಮಾಡಿದರು. ಸಭೆಗೆ ಹೊತ್ತಾಗುತ್ತಿದ್ದರೂ ಯಾರೂ ಅವಸರ ಮಾಡಲಿಲ್ಲ. ಇನ್ನು ಮುಂದೆ ಆ ಜಡೆ ಹಾಕುವ ಕೈ ಯಾವುದೆಂಬುದು ಆ ಕೋಣೆಯಲ್ಲಿ ಆ ಮಗುವಿಗೊಬ್ಬಳಿಗೆ ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ಹಿಂದಿನ ಶುಕ್ರವಾರವೇ ವೈದ್ಯರು ಔಷಧಿ ನಿಲ್ಲಿಸಿ, ನೋವಿಗೆ ಮಾತ್ರ ಆರೈಕೆ ಮಾಡುವ ಹಾಸ್ಪೈಸ್‌ ವ್ಯವಸ್ಥೆಗೆ ಬರೆದುಕೊಟ್ಟಿದ್ದರು.

ತಿಂಗಳ ಮೊದಲ ಭಾನುವಾರ ಅವರಿಗೆ ಉಪವಾಸ. ಎರಡು ಹೊತ್ತಿನ ಊಟವನ್ನೂ ನೀರನ್ನೂ ಬಿಟ್ಟು, ಆ ಊಟಕ್ಕೆ ತಗಲುತ್ತಿದ್ದ ಹಣವನ್ನು ಬಡವರಿಗೆಂದು ಸಭೆಗೆ ಕೊಡುತ್ತಾರೆ. ಆ ಜನವರಿಯಿಂದ ಅವರ ಭಾನುವಾರದ ಸಭೆ ಮೂರು ಗಂಟೆಯ ಬದಲು ಎರಡು ಗಂಟೆಗೆ ಇಳಿದಿತ್ತು. ಉಳಿದ ಒಂದು ಗಂಟೆಯ ಅಧ್ಯಯನವನ್ನು ಮನೆಯಲ್ಲೇ ನಡೆಸಬೇಕೆಂಬುದು ಸಭೆಯ ಆಶಯವಾಗಿತ್ತು. ಉಪವಾಸದ ಭಾನುವಾರಕ್ಕೆ ಈ ಹೊಸ ಕ್ರಮ ಅನ್ವಯವಾದದ್ದು ಅಂದೇ ಮೊದಲು. ಹಿಂದಿರುಗಿದ ಮೇಲೆ ಅವರು ಆ ಗಂಟೆಯನ್ನು ಮಂಚದ ಸುತ್ತ ಕಳೆದರು. ನಾನು ಎದ್ದು ಹೊರಟಾಗ ಆಕೆ ನನ್ನ ಕೈ ಬಿಡಲಿಲ್ಲ. ಹಾಗಾಗಿ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ. ಆ ಮನೆಯವರು ಬರೆಯಬಹುದೆಂದು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

ಯಜಮಾನರು ಮಕ್ಕಳಿಗೆ ಸುತ್ತುಬಳಸಿ ಹೇಳಲಿಲ್ಲ. ಔಷಧಿ ಇನ್ನು ಕೆಲಸ ಮಾಡುವುದಿಲ್ಲ, ಅಮ್ಮ ಸಾಯುತ್ತಾಳೆ, ಬಹುಶಃ ವಸಂತಕ್ಕೆ ಮೊದಲೇ ಎಂದು ಹೇಳಿದರು. ‘ಸಾಯುತ್ತಾಳೆ’ ಎಂಬ ಪದವನ್ನೇ ಬಳಸಿದರು. ತಾವಿಬ್ಬರೂ 1998ರಲ್ಲಿ ತಮ್ಮ ಪಂಥದ ಪವಿತ್ರ ಮಂದಿರವಾದ ಪ್ರೋವೊ ಟೆಂಪಲ್‌ನಲ್ಲಿ ಮದುವೆಯಾದದ್ದು ಈ ಜನ್ಮಕ್ಕೂ ಅನಂತಕ್ಕೂ ಸೇರಿಸಿ ಎಂಬುದನ್ನೂ, ಆ ಬಂಧದಲ್ಲಿ ಹುಟ್ಟಿದ ಮಕ್ಕಳು ಅದರ ಒಳಗೇ ಇರುತ್ತಾರೆ ಎಂಬುದನ್ನೂ ನೆನಪಿಸಿದರು. ಹದಿನಾಲ್ಕು ವರ್ಷದ ನಡುವಿನ ಮಗ ಹಲ್ಲು ಕಚ್ಚಿ ಗೋಡೆ ನೋಡುತ್ತ ಕುಳಿತಿದ್ದ. ಮತ್ತೆ ಸೇರುತ್ತೇವೆಂದು ನಂಬಿದ ಮೇಲೆ ಅಳುವುದು ನಂಬಿಕೆ ಕಡಿಮೆಯಾದಂತೆ ಎಂದು ಆ ಹುಡುಗ ತಿಳಿದಿದ್ದನೆಂದು ಕಾಣುತ್ತದೆ. ತಂದೆ ಅವನಿಗೆ, 1831ರಲ್ಲಿ ತಮ್ಮ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅವರಿಗೆ ದೇವರಿಂದ ಬಂದದ್ದೆಂದು ಅವರು ನಂಬುವ ಒಂದು ವಚನವನ್ನು ಓದಿದರು. ಸತ್ತವರಿಗಾಗಿ ಅಳುವಷ್ಟರ ಮಟ್ಟಿಗೆ ಒಬ್ಬರನ್ನೊಬ್ಬರು ಪ್ರೀತಿಸಿ ಬಾಳಬೇಕು ಎಂಬುದು ಅದರ ಭಾವ. “ಅಳಬಹುದು ಎಂದಲ್ಲ ಮಗನೇ, ಅಳಬೇಕು ಎಂದೇ ಇದೆ” ಎಂದರು. ಹಾಗೆಂದವರ ದನಿಯೇ ಒಡೆಯಿತು. ಹುಡುಗ ಬಂದು ತಾಯಿಯ ಕಾಲ ಬಳಿ ಮುಖ ಹುದುಗಿಸಿದ.

ಆಮೇಲೆ ಕಿರಿಯವಳು ಬಾಯಿಬಿಟ್ಟಳು. ಚಿಕ್ಕ ಮಕ್ಕಳು ಉಪವಾಸ ಮಾಡಬೇಕಾಗಿಲ್ಲ, ಆದರೂ ಅಮ್ಮನಿಗಾಗಿ ಮಾಡುತ್ತೇನೆಂದು ಅವಳು ಹಟ ಹಿಡಿದಿದ್ದಳಂತೆ. ಬೆಳಿಗ್ಗೆ ಯಾರೂ ನೋಡದಾಗ ಅಡುಗೆಮನೆಯಲ್ಲಿ ಎರಡು ಬಿಸ್ಕತ್ತು ತಿಂದುಬಿಟ್ಟೆ, ಅದಕ್ಕೇ ಅಮ್ಮ ಸಾಯುತ್ತಾಳಾ ಎಂದು ಕೇಳಿದಳು.

ತಂದೆ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. “ಇಲ್ಲ ಕಂದ. ಅಮ್ಮನನ್ನು ಉಳಿಸು ಎಂದು ನಾವೆಲ್ಲ ದೇವರನ್ನು ಕೇಳಿದ್ದೇವೆ. ಅವನು ಉಳಿಸಿದರೆ ನೀನು ಹಸಿದದ್ದಕ್ಕೆ ಉಳಿಸುವುದಿಲ್ಲ, ಕರೆದುಕೊಂಡರೆ ನೀನು ಬಿಸ್ಕತ್ತು ತಿಂದದ್ದಕ್ಕೆ ಕರೆದುಕೊಳ್ಳುವುದಿಲ್ಲ. ನೀನು ಮಾಡಿದ ಯಾವುದರಿಂದಲೂ ಇದು ಬಂದದ್ದಲ್ಲ” ಎಂದರು. ಅವಳು ನಂಬಿದಳೋ ಇಲ್ಲವೋ ಎಂದು ಅವಳ ಮುಖವನ್ನೇ ನೋಡಿ, ಅದೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದರು.

ನನ್ನ ಕಣ್ಣು ಕತ್ತಲಿಟ್ಟಂತಾಯಿತು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ನಮ್ಮಪ್ಪ ಕಾಯಿಲೆ ಬಿದ್ದಾಗ ನನಗೆ ಹತ್ತು ವರ್ಷ. ದೊಡ್ಡವರು ಹಿತ್ತಲಲ್ಲಿ ನಿಂತು ಪಿಸುಗುಟ್ಟುತ್ತಿದ್ದರು, ನಾನು ಹೋದರೆ ಮಾತು ನಿಲ್ಲಿಸುತ್ತಿದ್ದರು. ಅಪ್ಪನಿಗಾಗಿ ಅಜ್ಜಿ ನನ್ನಿಂದ ಹಿಡಿಸಿದ್ದ ಶನಿವಾರದ ಒಪ್ಪತ್ತನ್ನು ಒಂದು ಸಂಜೆ ನಾನು ಕೋಡುಬಳೆ ತಿಂದು ಮುರಿದಿದ್ದೆ. ಅದೇ ವಾರ ಅಪ್ಪ ಹೋದರು. ಅದು ನನ್ನಿಂದಾದದ್ದಲ್ಲ ಎಂದು ಯಾರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ನಾನು ಯಾರನ್ನೂ ಕೇಳಿರಲಿಲ್ಲ. ಆ ಮಗು ಕೇಳಿದಳು. ಕೇಳಬಹುದು ಎಂಬ ಧೈರ್ಯವನ್ನು ಅವಳಿಗೆ ಆ ಮನೆ ಕೊಟ್ಟಿತ್ತು. ನಂಬಿಕೆಯುಳ್ಳ ತಂದೆಯೊಬ್ಬ ತನ್ನ ಮಕ್ಕಳಿಗೆ ಮಾಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಸಂಜೆ ಉಪವಾಸ ಮುಗಿಸುವ ಮುನ್ನ ಅವರು ಆಕೆಗೆ ಆಶೀರ್ವಾದ ಕೊಟ್ಟರು. ರೋಗಿಗೆ ಹೀಗೆ ಆಶೀರ್ವಾದ ಕೊಡುವುದು ಸಾಮಾನ್ಯವಾಗಿ ಇಬ್ಬರು ಸೇರಿ ಮಾಡುವ ಕೆಲಸ. ಹಿರಿಯ ಮಗನಿಗೆ ಹದಿನೆಂಟು ತುಂಬಿ, ಅದಕ್ಕೆ ಅಧಿಕಾರ ಕೊಡುವ ಎಲ್ಡರ್‌ ಎಂಬ ದೀಕ್ಷೆ ಸಿಕ್ಕಿ ಕೆಲವು ವಾರಗಳಾಗಿದ್ದವು. ಎರಡು ವರ್ಷದ ಧರ್ಮಸೇವೆಗೆ ಹೊರಡಬೇಕಾಗಿದ್ದವನು ತಾಯಿಗಾಗಿ ಹೊರಡುವುದನ್ನು ಮುಂದಕ್ಕೆ ಹಾಕಿದ್ದ. ತಂದೆ ತಮ್ಮ ಬೀಗದಕೈ ಗೊಂಚಲಿನಲ್ಲಿ ತೂಗುವ ಪುಟ್ಟ ಕುಪ್ಪಿಯ ಆಲಿವ್ ಎಣ್ಣೆಯನ್ನು ಅವನ ಕೈಗೆ ಕೊಟ್ಟರು. ಅವನು ಕೂದಲು ಉದುರಿದ ತಾಯಿಯ ನೆತ್ತಿಗೆ ಒಂದು ತೊಟ್ಟು ಇಟ್ಟು ನಾಲ್ಕು ಮಾತಿನ ಪ್ರಾರ್ಥನೆ ಹೇಳಿದ. ಬಳಿಕ ಇಬ್ಬರೂ ಆ ತಲೆಯ ಮೇಲೆ ಕೈಯಿಟ್ಟರು.

ತಂದೆ ಆಕೆಯ ಪೂರ್ಣ ಹೆಸರನ್ನು ಹೇಳಿ, ಎಣ್ಣೆಯ ವಿಧಿಯನ್ನು ಮುಗಿಸಿ, ಸುಮ್ಮನಾದರು. ಆ ಮೌನ ಬಹಳ ಹೊತ್ತು ಇತ್ತು. ಗುಣವಾಗು ಎಂದು ಅವರು ಹೇಳುತ್ತಾರೆಂದೇ ನಾನು ಕಾಯುತ್ತಿದ್ದೆ. ಹಿರಿಯ ಮಗನೂ ಕಾಯುತ್ತಿದ್ದನೆಂದು ಅವನ ನಡುಗುವ ಕೈ ಹೇಳುತ್ತಿತ್ತು. ಆಶೀರ್ವಾದದ ಮಾತು ತಮ್ಮದಲ್ಲ, ಒಳಗೆ ಸೂಚನೆಯಾದದ್ದನ್ನು ಮಾತ್ರ ಆಡಬೇಕು ಎಂದು ಅವರು ಹಿಂದೊಮ್ಮೆ ನನಗೆ ವಿವರಿಸಿದ್ದರು. ಕಡೆಗೆ ಅವರು, ನೋವು ನಿನ್ನ ಮನಸ್ಸನ್ನು ಕಸಿಯದಿರಲಿ, ಕಡೆಯ ದಿನದ ತನಕ ಮಕ್ಕಳ ಗುರುತು ನಿನಗಿರಲಿ, ನಿನ್ನ ತಾಯ್ತನ ಇಲ್ಲಿಗೆ ಮುಗಿಯುವುದಿಲ್ಲ ಎಂದರು. ಬದುಕುತ್ತೀ ಎಂದು ಹೇಳಲಿಲ್ಲ. ಹೇಳಲು ಅವರ ಜೀವ ಎಷ್ಟು ಹಾತೊರೆಯುತ್ತಿತ್ತೆಂಬುದನ್ನು ಆ ಮೌನದಲ್ಲಿ ನಾವೆಲ್ಲರೂ ಕೇಳಿದ್ದೆವು.

ಫೆಬ್ರುವರಿಯ ಎರಡನೆಯ ವಾರದ ಒಂದು ನಸುಕಿನಲ್ಲಿ ಆಕೆ ತೀರಿಕೊಂಡರು. ಹಿಂದಿನ ರಾತ್ರಿಯೂ ಮೂರು ಮಕ್ಕಳನ್ನೂ ಹೆಸರು ಹಿಡಿದು ಕರೆದಿದ್ದರು. ಆಕೆಯ ತಾಯಿ ಮತ್ತು ಅಕ್ಕ ಟೆಂಪಲ್‌ನ ಬಿಳಿಯ ಉಡುಪನ್ನು ಉಡಿಸಿದರು. ಸಮಾಧಿಯ ಬಳಿ, ಪುನರುತ್ಥಾನದ ದಿನದವರೆಗೆ ಈ ನೆಲ ಆಕೆಯನ್ನು ಕಾಪಾಡಲಿ ಎಂದು ಯಜಮಾನರೇ ಪ್ರಾರ್ಥಿಸಿದರು. ಬಳಿಕ ಸಭಾಮಂದಿರದಲ್ಲಿ ರಿಲೀಫ್ ಸೊಸೈಟಿಯವರು ಬಡಿಸಿದ ಊಟದಲ್ಲಿ, ಅಲ್ಲಿನ ಸಾವಿನ ಮನೆಯ ಊಟದಲ್ಲಿ ತಪ್ಪದೆ ಇರುವ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯೂ ಇತ್ತು. ಅದೇ ಫೆಬ್ರುವರಿ 15ರಂದು, ಧರ್ಮಸೇವೆಗೆ ಹೋದವರು ವರ್ಷಕ್ಕೆ ಎರಡು ಸಲವಲ್ಲ, ವಾರಕ್ಕೊಮ್ಮೆ ಮನೆಗೆ ಕರೆ ಮಾಡಬಹುದೆಂದು ಅವರ ಸಭೆ ಪ್ರಕಟಿಸಿತು. ಆ ಸುದ್ದಿಯನ್ನು ಹಿರಿಯ ಮಗ ನಮ್ಮ ಮನೆಗೆ ಬಂದು ಹೇಳಿದ. ಹೋಗಲು ಮನಸ್ಸು ಮಾಡಿದ್ದೇನೆ, ತಂಗಿಯ ದೀಕ್ಷಾಸ್ನಾನ ಮುಗಿಸಿಕೊಂಡು ಹೊರಡುತ್ತೇನೆ ಎಂದ.

ಅವರಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಎಂಟು ತುಂಬಿದ ಮೇಲೆ. ಮೇ ತಿಂಗಳ ಒಂದು ಶನಿವಾರ ನಾನೂ ಹೋಗಿದ್ದೆ. ತಂದೆ, ಮಗಳು ಇಬ್ಬರೂ ಬಿಳಿಯ ಬಟ್ಟೆ ತೊಟ್ಟು ಎದೆಮಟ್ಟದ ನೀರಿಗೆ ಇಳಿದರು. ಮೈಯೆಲ್ಲ ಒಂದೇ ಸಲಕ್ಕೆ ಮುಳುಗಬೇಕು, ಮುಳುಗಿತೇ ಎಂದು ನೋಡಲು ಇಬ್ಬರು ಸಾಕ್ಷಿಗಳು ಅಂಚಿನಲ್ಲಿ ನಿಂತಿರುತ್ತಾರೆ. ಅವರು ಬಲಗೈ ಎತ್ತಿ ಪ್ರಾರ್ಥನೆ ಹೇಳಿ ಅವಳನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದರು. ಅವಳು ಮೇಲೆದ್ದಾಗ ಸಾಕ್ಷಿಯೊಬ್ಬರು ತಲೆಯಾಡಿಸಿ ಬೇಡವೆಂದರು: ಜಡೆಯ ತುದಿ ನೀರಿನ ಮೇಲೆ ತೇಲಿತ್ತು. ಆ ಜಡೆಯನ್ನು ಬೆಳಿಗ್ಗೆ ತಂದೆಯೇ ಹೆಣೆದಿದ್ದರು, ಬಿಗಿಯಾಗಿ, ಒಂದು ಕೂದಲೂ ಹೊರಗೆ ಬಾರದ ಹಾಗೆ. ಅವರು ಅವಳ ಮುಖದ ನೀರನ್ನು ಒರೆಸಿ, ಜಡೆಯನ್ನು ಹಿಂದಿನಿಂದ ಅಂಗಿಯ ಕೊರಳೊಳಗೆ ಇಳಿಬಿಟ್ಟು, ಕಿವಿಯಲ್ಲಿ ಏನೋ ಹೇಳಿದರು. ಅವಳು ಹೂಂ ಎಂದು ಮೂಗು ಹಿಡಿದುಕೊಂಡಳು. ಅವರು ಮತ್ತೆ ಬಲಗೈ ಎತ್ತಿದರು. ಈ ಸಲ ನೀರಿನ ಮೇಲೆ ಏನೂ ಉಳಿಯಲಿಲ್ಲ.