200 ಯೂನಿಟ್ ಎಂಬ ಅರ್ಧ ಮಾತು

ಸರ್ಕಾರದ ಆದೇಶ, ಕರಡು ನಿಯಮ ಮತ್ತು ಯೋಜನೆಗಳನ್ನು ಸರಳ ಕನ್ನಡದಲ್ಲಿ ಜನರಿಗೆ ತಿಳಿಸುವ ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ನಾನು ಸಾಮಾಜಿಕ ಜಾಲತಾಣಗಳ ಕೆಲಸ ನೋಡಿಕೊಳ್ಳುತ್ತೇನೆ. 2023ರ ಜುಲೈನಲ್ಲಿ ಗೃಹಜ್ಯೋತಿ ಯೋಜನೆಯ ಬಗ್ಗೆ ನಾನು ಸಿದ್ಧಪಡಿಸಿದ ಒಂದು ಪೋಸ್ಟರ್, ಅದುವರೆಗೆ ನಾವು ಹಾಕಿದ್ದ ಎಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟಿತು. ಅಷ್ಟೇ ದೂರ ತಪ್ಪು ತಿಳಿವಳಿಕೆಯೂ ಹೋಯಿತು.

ದಪ್ಪ ಅಕ್ಷರಗಳಲ್ಲಿ "ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಬಾಡಿಗೆದಾರರಿಗೂ ಅನ್ವಯ" ಎಂದು ಬರೆದಿದ್ದೆ. ಅದು ಸುಳ್ಳಲ್ಲ. ಆದರೆ ಪ್ರತಿ ಮನೆಗೂ 200 ಯೂನಿಟ್ ಸಿಗುವುದಿಲ್ಲ: 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ. 10ರಷ್ಟು ಸೇರಿಸಿದರೆ ಬರುವುದೇ ಆಗ ಅದರ ಉಚಿತ ಮಿತಿಯಾಗಿತ್ತು. ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಿಂದಿನ ವರ್ಷದ ಲೆಕ್ಕವೇ ಇಲ್ಲದ ಹೊಸ ಸಂಪರ್ಕಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇ. 10 ಸೇರಿಸಿ 58 ಎಂದು ನಿಗದಿಯಾಗಿತ್ತು. ಇದೆಲ್ಲವನ್ನೂ ನಾನು ಪೋಸ್ಟರಿನ ಕೆಳಗಿನ ಒಕ್ಕಣೆಯಲ್ಲಿ ವಿವರಿಸಿದ್ದೆ. ಜನ ಚಿತ್ರವನ್ನಷ್ಟೇ ಉಳಿಸಿಕೊಂಡು ವಾಟ್ಸ್‌ಆಪ್‌ನಲ್ಲಿ ಕಳುಹಿಸುತ್ತಾರೆ, ಒಕ್ಕಣೆ ಇದ್ದಲ್ಲೇ ಉಳಿಯುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಲಗ್ಗೆರೆಯಲ್ಲಿ ಒಂದು ಮಾಹಿತಿ ಸಭೆ ನಡೆಸಿದೆವು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಒಂದು ಕೈಯಲ್ಲಿ ಬೆಸ್ಕಾಂ ಬಿಲ್ಲನ್ನೂ ಇನ್ನೊಂದು ಕೈಯಲ್ಲಿ ಮೊಬೈಲನ್ನೂ ಹಿಡಿದು ಬಂದರು. ಹೊಸದಾಗಿ ಕಟ್ಟಿದ ಮನೆಗೆ ಬಾಡಿಗೆಗೆ ಬಂದಿದ್ದರಿಂದ ಅವರ ಮಿತಿ 58, ಬಳಸಿದ್ದು 91. ಸಿಲಿಂಡರ್ ಉಳಿಯುತ್ತದೆಂದು ಎರಡು ತಿಂಗಳಿನಿಂದ ಇಂಡಕ್ಷನ್ ಒಲೆಯ ಮೇಲೆ ಅಡುಗೆ ಮಾಡುತ್ತಿದ್ದರು. "ನೀವೇ ಹಾಕಿದ್ದಲ್ವಾ ಮೇಡಂ, ಇನ್ನೂರರ ತನಕ ಫ್ರೀ ಅಂತ?" ಎಂದು ಮೊಬೈಲ್ ಮುಂದೆ ಹಿಡಿದರು. ಪರದೆಯ ಮೇಲೆ ನಮ್ಮ ಸಂಸ್ಥೆಯ ಚಿಹ್ನೆಯಿತ್ತು. ಮೀಟರ್ ಓದಲು ಬಂದ ಹುಡುಗನೊಂದಿಗೆ ಅದೇ ಚಿತ್ರ ತೋರಿಸಿ ಅವರು ಜಗಳವಾಡಿದ್ದರಂತೆ. ನಾನು ಅವರಿಗೆ ಲೆಕ್ಕ ವಿವರಿಸಿ, ತಪ್ಪು ನಮ್ಮದೇ ಎಂದು ಒಪ್ಪಿಕೊಂಡೆ. ಆ 33 ಯೂನಿಟ್‌ಗಳ ಹಣ ಮಾತ್ರ ಅವರ ಕೈಯಿಂದಲೇ ಹೋಯಿತು.

ಮರುದಿನವೇ ತಿದ್ದಿದ ಪೋಸ್ಟರ್ ಹಾಕಿದೆವು. ಅದನ್ನು ಹಂಚಿಕೊಂಡವರು ಬಹಳ ಕಡಿಮೆ. ಹೀಗಾಗಿ ಸ್ತ್ರೀಶಕ್ತಿ ಸಂಘಗಳ ಪ್ರತಿನಿಧಿಗಳಿಗೂ ಬಡಾವಣೆಗಳ ಗುಂಪು ನಡೆಸುವವರಿಗೂ ಒಬ್ಬೊಬ್ಬರಿಗಾಗಿ ಫೋನ್ ಮಾಡಿ, ಹಳೆಯದು ಹೋದ ಗುಂಪಿಗೇ ಹೊಸದನ್ನೂ ಕಳುಹಿಸಿರೆಂದು ಕೇಳಿಕೊಂಡೆವು. ನಿಜವಾಗಿ ಫಲ ಕೊಟ್ಟದ್ದು ಈ ಫೋನ್ ಕರೆಗಳೇ ಎಂಬುದು ನನ್ನ ಅನಿಸಿಕೆ.

ಇನ್ನೊಂದು ಸಮಸ್ಯೆ 2024ರ ಜನವರಿಯಲ್ಲಿ ಎದುರಾಯಿತು. ಸರಾಸರಿ ಬಳಕೆ 48 ಯೂನಿಟ್‌ಗಿಂತ ಕಡಿಮೆ ಇರುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಡಲು ಸರ್ಕಾರ ತೀರ್ಮಾನಿಸಿತು. ತಿಂಗಳಿಗೆ 30 ಯೂನಿಟ್ ಬಳಸುವ ಮನೆಗೆ 33ರ ಬದಲು 40 ಸಿಗುವುದೆಂದರೆ ಸಣ್ಣ ಮಾತಲ್ಲ. ಆದರೆ ನಾವೇ ತಿದ್ದಿ ಹಂಚಿದ್ದ ಪೋಸ್ಟರಿನಲ್ಲಿ ದಿನಾಂಕವಿರಲಿಲ್ಲ. ಹಳೆಯ ಲೆಕ್ಕ ಹೊಸದರಂತೆಯೇ ಓಡಾಡುತ್ತಿತ್ತು. ಅಂದಿನಿಂದ ಷರತ್ತು ಮತ್ತು ದಿನಾಂಕ ಎರಡನ್ನೂ ಚಿತ್ರದೊಳಗೇ, ಮುಖ್ಯ ಸಾಲಿನಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ಅಂದ ಕೆಡುತ್ತದೆಂದು ವಿನ್ಯಾಸ ಮಾಡುವ ಗೆಳೆಯರು ಬೇಸರಪಟ್ಟರೂ ಈ ವಿಷಯದಲ್ಲಿ ನಾನು ಸಡಿಲ ಬಿಟ್ಟಿಲ್ಲ.

ಪ್ರಕಟಿಸುವ ಮೊದಲು ಕರಡನ್ನು ನಮ್ಮ ಕಚೇರಿಯ ಕೆಳಗಿನ ಜೆರಾಕ್ಸ್ ಅಂಗಡಿಯವರಿಗೆ ತೋರಿಸುವ ರೂಢಿಯೂ ಆಗಲೇ ಶುರುವಾಯಿತು. ದಿನವಿಡೀ ಜನರ ಅರ್ಜಿ ತುಂಬಿಕೊಡುವ ಅವರಿಗೆ, ಜನ ಎಲ್ಲಿ ಎಡವುತ್ತಾರೆಂಬುದು ನಮಗಿಂತ ಚೆನ್ನಾಗಿ ಗೊತ್ತು. ಮನೆ ಬದಲಿಸುವವರು ಹಳೆಯ ಮನೆಯ ನೋಂದಣಿಯನ್ನು ಬಿಡಿಸಿಕೊಳ್ಳುವ ಡಿ-ಲಿಂಕ್ ಸೌಲಭ್ಯ 2024ರಲ್ಲಿ ಬಂದಾಗ ನಾನು ಬರೆದ ಕರಡನ್ನು ಅವರು ಎರಡು ಸಲ ಓದಿ, "ಹಳೇ ಮನೇದು ಬಿಡಿಸ್ಕೊಂಡ್ರೆ ಹೊಸ ಮನೆಗೆ ತಾನಾಗೇ ಬಂದ್ಬಿಡುತ್ತಾ ಮೇಡಂ?" ಎಂದು ಕೇಳಿದರು. ಬರುವುದಿಲ್ಲ. ಹೊಸ ಮನೆಯ ಅಕೌಂಟ್ ಐಡಿಗೆ ಮತ್ತೆ ನೋಂದಾಯಿಸಿಕೊಳ್ಳಬೇಕು ಎಂಬ ಸಾಲನ್ನು ಪೋಸ್ಟರಿನ ನೆತ್ತಿಯ ಮೇಲೆಯೇ ಹಾಕಿ, ಆ ಸಂಜೆ ಪ್ರಕಟಿಸಿದೆವು.