ಆರೋಪಿ: ಬಳ್ಳಾರಿ ಜಾಲಿ

ದಾವಣಗೆರೆ ಜಿಲ್ಲೆಯ ಜಗಳೂರು ಸೀಮೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಬಳ್ಳಾರಿ ಜಾಲಿ ಹೊರಗಿನಿಂದ ಬಂದ ಗಿಡ ಅಂದರೆ ನಂಬಿಕೆಯೇ ಬರುವುದಿಲ್ಲ. ಕೆರೆ ಅಂಗಳದಲ್ಲಿ ಅದೇ, ಗೋಮಾಳದಲ್ಲಿ ಅದೇ, ಹಳ್ಳದ ದಂಡೆಯಲ್ಲೂ ಅದೇ. ಅವರ ಅಜ್ಜಂದಿರಿಗೂ ಅದು ಊರಿನ ಗಿಡವೇ. ‘ಆಕ್ರಮಣಕಾರಿ ಪ್ರಭೇದಗಳು’ ಅಂತ ಬೋರ್ಡಿನ ಮೇಲೆ ಬರೆದರೆ ಎಂಟನೇ ತರಗತಿಯವರು ನೋಟ್ಸಿಗೆ ಇಳಿಸಿಕೊಂಡು ಸುಮ್ಮನಾಗುತ್ತಾರೆ. ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ವಿಜ್ಞಾನದ ಟೀಚರ್ ಆಗಿ ನನಗೆ ಅದು ಸಾಲದು.

ಪೊಲೀಸರು ತಲೆಮರೆಸಿಕೊಂಡವರ ಫೋಟೊ ಹಾಕಿ ನೋಟಿಸ್ ಅಂಟಿಸುತ್ತಾರಲ್ಲ, ಆ ತರಹದ ಪೋಸ್ಟರನ್ನು ಗಿಡ, ಹುಳುಗಳ ಮೇಲೆ ಮಾಡಿಸೋಣ ಅಂದುಕೊಂಡೆ. ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಗಿನ ಶಾಲೆ. ಮಕ್ಕಳನ್ನು ಗುಂಪು ಮಾಡಿ, ಡ್ರಾಯಿಂಗ್ ಶೀಟ್ ಹಂಚಿ, ತುಂಬಬೇಕಾದ ಕಲಂಗಳನ್ನು ಬೋರ್ಡಿನ ಮೇಲೆ ಬರೆದೆ. ಹೆಸರು, ಅಡ್ಡಹೆಸರು, ಹುಟ್ಟೂರು, ಗುರುತು, ಅಪರಾಧ, ಸಹಾಯ ಮಾಡಿದವರು, ಹಿಡಿಯುವ ದಾರಿ. ಒಂದೇ ಷರತ್ತು: ಗುರುತಿನ ಚಿತ್ರವನ್ನು ಪುಸ್ತಕ, ಮೊಬೈಲ್ ನೋಡಿ ಬರೆಯುವಂತಿಲ್ಲ. ಕಣ್ಣಾರೆ ಕಂಡೇ ಬರೆಯಬೇಕು.

ಹಾಗಾಗಿ ಎಲ್ಲರೂ ಹೊರಗೆ ಹೊರಟೆವು. ಪಾರ್ಥೇನಿಯಂ ಹುಡುಕುವುದಕ್ಕೆ ದೂರ ಹೋಗಬೇಕಿರಲಿಲ್ಲ, ಶಾಲೆಯ ಕಾಂಪೌಂಡ್ ಪಕ್ಕದಲ್ಲೇ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಟ್ಟಿತ್ತು. ಮುಟ್ಟಿದರೆ ಕೆಲವರಿಗೆ ಮೈ ಕೆರೆತ ಬರುತ್ತದೆ, ಅದಕ್ಕೇ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಸಿದ್ದೆ. ಅಡ್ಡಹೆಸರು ‘ಕಾಂಗ್ರೆಸ್ ಗಿಡ’ ಅಂತ ಎಲ್ಲರೂ ಒಟ್ಟಿಗೇ ಕೂಗಿದರು. ಹುಟ್ಟೂರು ಅಮೆರಿಕ ಖಂಡ, ನಮ್ಮ ದೇಶದಲ್ಲಿ ಎದ್ದು ಕಂಡಿದ್ದು 1955ರಲ್ಲಿ, ಪುಣೆ ಹತ್ತಿರ. ಹೊರಗಿನಿಂದ ತರಿಸಿದ ಗೋಧಿಯ ಜೊತೆ ಬೀಜ ಬಂತು ಅಂತ ಹೇಳುತ್ತಾರೆ. ಒಂದು ಗಿಡ ಹತ್ತು ಸಾವಿರಕ್ಕೂ ಜಾಸ್ತಿ ಬೀಜ ಕೊಡಬಲ್ಲದು ಅಂದಾಗ ಒಬ್ಬ ಹುಡುಗ ಕಾಂಪೌಂಡ್ ಪಕ್ಕದ ಗಿಡ ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟ. ಅದೇ ಎಲೆಗಳ ಮೇಲೆ ಬೆಳ್ಳಗಿನ ಬೆನ್ನಿಗೆ ಕಪ್ಪು ಗೆರೆಗಳಿರುವ ಪುಟ್ಟ ದುಂಬಿಗಳು ಸಿಕ್ಕವು. ಪಾರ್ಥೇನಿಯಂ ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಇದು. ಮಕ್ಕಳು ಅದನ್ನು ಪೋಸ್ಟರಿನ ಮೂಲೆಯಲ್ಲಿ ‘ಪೊಲೀಸ್’ ಅಂತ ಬರೆದರು.

ಜಾಸ್ತಿ ಹೊತ್ತು ನಿಂತಿದ್ದು ಪಕ್ಕದ ಮೆಕ್ಕೆಜೋಳದ ಹೊಲದಲ್ಲಿ. ಹೊಲ ನಮ್ಮ ತರಗತಿಯ ಹುಡುಗನ ಮನೆಯವರದೇ. ಎಲೆಗಳಲ್ಲಿ ಸಾಲು ಸಾಲು ತೂತು. ಅವನೇ ಒಂದು ಗಿಡದ ಸುಳಿ ಬಿಡಿಸಿದ. ಒಳಗೆ ಒದ್ದೆ ಮರದ ಹೊಟ್ಟಿನಂಥ ಲದ್ದಿ, ಅದರ ಅಡಿಯಲ್ಲಿ ಹುಳು. ಅಂಗೈ ಮೇಲಿಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿದೆವು. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ. ಬಾಲದ ಹತ್ತಿರ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಫಾಲ್ ಸೈನಿಕ ಹುಳು (ಇಂಗ್ಲಿಷಿನಲ್ಲಿ ಫಾಲ್ ಆರ್ಮಿವರ್ಮ್) ಅಂತ ಗುರುತಿಸಲು ಇಷ್ಟು ಸಾಕು. ಇದೂ ಅಮೆರಿಕ ಖಂಡದ್ದೇ. ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ತಾವು ಹುಟ್ಟಿದ ಮೇಲೆ ಬಂದ ಹುಳು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕಿತ್ತು. ‘ಹೊರಗಿನಿಂದ ಬಂದದ್ದು’ ಅನ್ನುವ ಮಾತು ಆಗ ಅವರ ಹೊಲಕ್ಕೇ ಬಂದು ನಿಂತಿತು.

ಅಲ್ಲೇ ಬದುವಿನ ಮೇಲೆ ಒಬ್ಬಳು ಕೇಳಿದಳು, “ಮಿಸ್, ಮೆಕ್ಕೆಜೋಳನೂ ಅಮೆರಿಕದಿಂದಲೇ ಬಂದಿದ್ದು ಅಂತ ಪಾಠದಾಗೈತೆ. ಅದಕ್ಕೂ ಪೋಸ್ಟರ್ ಮಾಡ್ಬೇಕಾ?” ಎಷ್ಟು ಒಳ್ಳೆಯ ಪ್ರಶ್ನೆ! ಮೆಕ್ಕೆಜೋಳ ಅಷ್ಟೇ ಅಲ್ಲ, ಶೇಂಗಾ, ಮೆಣಸಿನಕಾಯಿ, ಟೊಮೆಟೊ ಎಲ್ಲವೂ ಅಲ್ಲಿಂದಲೇ ಬಂದವು. ನಾವು ಬಿತ್ತದಿದ್ದರೆ ಮೆಕ್ಕೆಜೋಳ ಹೊಲ ದಾಟಿ ಗುಡ್ಡ ಹತ್ತುತ್ತದಾ ಅಂತ ತಿರುಗಿ ಕೇಳಿದೆ. ಇಲ್ಲ ಅಂದರು. ಬಳ್ಳಾರಿ ಜಾಲಿ? ಯಾರೂ ಬಿತ್ತದೆ ಗೋಮಾಳ ಪೂರ್ತಿ ಆಗಿದೆಯಲ್ವಾ? ಹೊರಗಿನಿಂದ ಬಂದದ್ದೇ ಅಪರಾಧವಲ್ಲ. ಬಂದು ಇಲ್ಲಿರುವವರಿಗೆ ಜಾಗ ಇಲ್ಲದ ಹಾಗೆ ಮಾಡಿದರೆ ಮಾತ್ರ ಪೋಸ್ಟರ್. ಈ ವ್ಯತ್ಯಾಸ ಮಕ್ಕಳಿಗೆ ಗೊತ್ತಾಗಲೇಬೇಕು ಅಂತ ನನ್ನ ಹಟ. ಹೊರಗಿನವರೆಲ್ಲ ಕೆಟ್ಟವರು ಅನ್ನುವ ಪಾಠವನ್ನು ನಾನಂತೂ ಮಾಡಲಾರೆ.

ತರಗತಿಗೆ ಬಂದ ಮೇಲೆ ‘ಸಹಾಯ ಮಾಡಿದವರು’ ಕಲಂ ಎಲ್ಲರನ್ನೂ ಹಿಡಿದು ಕೂರಿಸಿತು. ಲಂಟಾನ ಅನ್ನುವ ಹೂವಿನ ಪೊದೆಯ ಪೋಸ್ಟರ್ ಮಾಡುತ್ತಿದ್ದ ಗುಂಪಿನವರು ಹಣ್ಣು ತಿಂದು ಬೀಜ ಬೀಳಿಸುವ ಪಿಕಳಾರ ಹಕ್ಕಿ ಬರೆದರು. ಅದನ್ನು ಚೆಂದದ ಹೂವಿಗಾಗಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದವರು ಬ್ರಿಟಿಷರು ಅಂತ ಹೇಳಿದಾಗ ಅವರ ಹೆಸರೂ ಸೇರಿತು. ಬಳ್ಳಾರಿ ಜಾಲಿಯ ಗುಂಪಿನ ಪಟ್ಟಿ ಎಲ್ಲಕ್ಕಿಂತ ಉದ್ದ. 1870ರ ದಶಕದಲ್ಲಿ ಬರಡು ನೆಲ ಹಸಿರಾಗಲಿ, ಸೌದೆ ಸಿಗಲಿ ಅಂತ ಬೀಜ ತರಿಸಿ ಕಡಪ ಸೀಮೆಯಲ್ಲಿ ಹಾಕಿದವರು, ಆಮೇಲೆ ಊರೂರಲ್ಲಿ ನೆಡಿಸಿದವರು, ಬೇಲಿಗೆ ಅಂತ ನೆಟ್ಟುಕೊಂಡ ನಾವು. ಕೊನೆಗೆ ಮೇಕೆ. ಮೇಕೆ ಎಲೆ ಮುಟ್ಟುವುದಿಲ್ಲ, ಸಿಹಿಯಾದ ಕಾಯಿಯನ್ನು ಮಾತ್ರ ಬಿಡುವುದಿಲ್ಲ. ಬೀಜ ಹೊಟ್ಟೆಯಲ್ಲಿ ಸಾಯದೆ ಹಿಕ್ಕೆಯಲ್ಲಿ ಹೊರಬಂದು ಇನ್ನೂ ಚೆನ್ನಾಗಿ ಮೊಳೆಯುತ್ತದೆ. “ಅದಕ್ಕೇ ನಮ್ಮ ದೊಡ್ಡಿ ಗೊಬ್ಬರ ಹಾಕಿದ ಕಡೆ ಜಾಲಿ ಹುಟ್ತಾವೆ” ಅಂತ ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ. ಆ ಮಾತು ಯಾವ ಪಠ್ಯದಲ್ಲೂ ಇಲ್ಲ.

ಅದೇ ಗುಂಪಿನಲ್ಲಿ ಒಬ್ಬ ಹುಡುಗಿ ಮಾತ್ರ ಪೆನ್ಸಿಲ್ ಕೆಳಗಿಟ್ಟು ಕೂತಿದ್ದಳು. ಅವರ ಮನೆಯಲ್ಲಿ ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುತ್ತಾರೆ. “ಇದನ್ನ ಕಳ್ಳ ಅಂತ ಹೆಂಗೆ ಬರೀಲಿ ಮಿಸ್, ನಮ್ಮನೆ ನಡೆಯೋದೇ ಇದ್ರಿಂದ” ಅಂದಳು. ಅವಳು ಹೇಳಿದ್ದು ನಿಜ. ಬರಗಾಲದಲ್ಲಿ ಈ ಸೀಮೆಯ ಎಷ್ಟೋ ಬಡವರ ಒಲೆ ಉರಿದಿದ್ದು ಇದೇ ಮುಳ್ಳಿನಿಂದ. ಅದನ್ನೂ ಬರಿ ಅಂದೆ. ಅವಳು ಅಪ್ಪನನ್ನು ಕೇಳಿಕೊಂಡು ಸೋಮವಾರ ಬಂದು ಕೊನೆಯ ಕಲಂ ತುಂಬಿದಳು: “ಬುಡದ ತನಕ ಕಡಿದರೆ ಸಾಲದು, ನಾಲ್ಕಾಗಿ ಚಿಗುರುತ್ತೆ. ಬೇರು ಸಮೇತ ಕೀಳಬೇಕು. ಕಾಯಿ ಬಲಿಯುವ ಮುಂಚೆ ಕೀಳಬೇಕು. ಆ ಜಾಗದಲ್ಲಿ ಬೇವು, ಹೊಂಗೆ ಹಾಕಬೇಕು. ಹಿಡಿದವರಿಗೆ ಬಹುಮಾನ: ಸೌದೆ, ಇದ್ದಿಲು.” ಅಷ್ಟು ಪೋಸ್ಟರುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಪೋಸ್ಟರುಗಳನ್ನು ಹಾಲಿನ ಡೇರಿಯ ಗೋಡೆಗೆ ಅಂಟಿಸಿದೆವು. ಊರಿನವರು ದಿನಾ ಬೆಳಗ್ಗೆ ಸಂಜೆ ಸಾಲು ನಿಲ್ಲುವ ಜಾಗ ಅದು. ಸೈನಿಕ ಹುಳುವಿನ ಚಿತ್ರದಲ್ಲಿ ಚುಕ್ಕೆ ಎಣಿಸಿದ ಒಬ್ಬರು ಹೊಲದಿಂದ ಹುಳು ಹಿಡಿದು ತಂದು ಹುಡುಗರಿಗೆ ತೋರಿಸಿ, ಇದೇನಾ ಅಂತ ಕೇಳಿ ಹೋದರು. ಇನ್ನೊಬ್ಬ ಅಜ್ಜ ಜಾಲಿಯ ಪೋಸ್ಟರ್ ಮುಂದೆ ನಿಂತು, “ಎಲ್ಲಾ ಕಿತ್ತು ಹಾಕಿದ್ರೆ ನಾಳೆ ಸೌದೆಗೆ ಏನ್ ಮಾಡಾದು?” ಅಂತ ರೇಗಿದರು. ಕ್ಯಾನ್ ಹಿಡಿದು ಅಲ್ಲೇ ಸಾಲಿನಲ್ಲಿದ್ದ ಆ ಹುಡುಗಿಯೇ ಉತ್ತರ ಕೊಟ್ಟಳು.

“ಸೌದೆ ಬ್ಯಾಡ ಅಂದಿಲ್ಲ ತಾತ. ಬೇರು ಬಿಡಬ್ಯಾಡ್ರಿ ಅಂದೀವಿ.”