ನಡೆದು ಬದುಕಬಹುದಾದ ಬಡಾವಣೆ, ಹಳೆಯ ಫ್ಲಾಟು: ಮೈಸೂರಿನ ಲೆಕ್ಕ

16 ನವೆಂಬರ್ 2025, ಭಾನುವಾರ
ಮೈಸೂರು

ಮಳೆಗಾಲ ಮುಗಿಯುತ್ತ ಬಂತು. ಹಳೆಯ ಮನೆ ನೋಡುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ತಾರಸಿ ಸೋರಿದ್ದರೆ ಸೀಲಿಂಗಿನ ಕಲೆ ಇನ್ನೂ ಹಸಿಯಾಗಿರುತ್ತದೆ, ಬಣ್ಣದವರು ಬಂದು ಮುಚ್ಚಿರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅದೇ ಕಲೆಯ ಮೇಲೆ ಪುಟ್ಟಿ ಕೂತಿರುತ್ತದೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಹುಡುಕುವವರಿಗೆ ಬೇಕಾಗುವ ಲೆಕ್ಕಗಳನ್ನು ಇವತ್ತಿನ ಪುಟದಲ್ಲಿ ಬರೆದಿಡುತ್ತಿದ್ದೇನೆ.

1890ರ ದಶಕದ ಕೊನೆಯಲ್ಲಿ ಪ್ಲೇಗು ಬಂದು ಊರನ್ನು ಕಂಗೆಡಿಸಿದ ಮೇಲೆ, 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ (ಸಿಐಟಿಬಿ) ಹುಟ್ಟಿತು. ಗಾಳಿ, ಬೆಳಕು, ಚರಂಡಿ ಇರುವ ಹೊಸ ಬಡಾವಣೆಗಳನ್ನು ಮಾಡುವುದೇ ಅದರ ಕೆಲಸ. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು, ಆಮೇಲಿನ ಸರಸ್ವತಿಪುರಂ ಇವೆಲ್ಲ ಕಾರು ಬರುವ ಮೊದಲಿನ ಅಳತೆಯವು. ಮೇನ್ ರಸ್ತೆಗೆ ಹತ್ತಿರ ಹತ್ತಿರದಲ್ಲೇ ಕ್ರಾಸ್‌ಗಳು, ಎಷ್ಟೋ ಕಡೆ ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಶುಚಿ ಮಾಡುವವರ ಓಡಾಟಕ್ಕೆಂದು ಬಿಟ್ಟ ಕಿರುದಾರಿ), ಬೀದಿ ಮೂಲೆಯಲ್ಲಿ ಹಿಟ್ಟಿನ ಗಿರಣಿ, ಮೆಡಿಕಲ್ ಶಾಪು, ಹಾಲಿನ ಬೂತು. ಈ ಬಡಾವಣೆಗಳ ಸ್ವತಂತ್ರ ಮನೆಗಳು ಸಂಬಳದವರ ಕೈಗೆ ಎಟುಕುವುದಿಲ್ಲ. ಎಟುಕುವುದು, ಹಳೆಯ ಮನೆ ಕೆಡವಿ ಇಪ್ಪತ್ತು ಮೂವತ್ತು ವರ್ಷದ ಹಿಂದೆ ಕಟ್ಟಿದ, ಹತ್ತು ಹನ್ನೆರಡು ಫ್ಲಾಟಿನ ಚಿಕ್ಕ ಕಟ್ಟಡಗಳು. ಈಜುಕೊಳ, ಕ್ಲಬ್‌ಹೌಸ್ ಇಲ್ಲ ಎಂದು ಜನ ಇವುಗಳತ್ತ ತಿರುಗಿಯೂ ನೋಡುವುದಿಲ್ಲ. ನನ್ನ ಮಟ್ಟಿಗೆ ಸಾಮಾನ್ಯ ಆದಾಯದ ಮನೆಯವರಿಗೆ ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಪಾರ ಬೇರೆ ಇಲ್ಲ.

ಯಾಕೆಂದರೆ ಲೆಕ್ಕ ಹೀಗಿದೆ. ರಿಂಗ್ ರಸ್ತೆಯ ಆಚೆ ಮನೆ ಮಾಡಿದರೆ ದಿನಕ್ಕೆ 30 ಕಿಲೋಮೀಟರ್ ಕಾರು ಓಡುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 25 ದಿನವಾದರೆ 750 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ 50 ಲೀಟರ್ ಪೆಟ್ರೋಲು, ಅಂದರೆ 5,000 ರೂಪಾಯಿಯ ಮೇಲೆ. ವಿಮೆ, ಸರ್ವಿಸು, ಟೈರು ಎಲ್ಲ ತಿಂಗಳಿಗೆ ಹಂಚಿದರೆ ಇನ್ನೊಂದು 2,500. ಕಾರಿನ ಬೆಲೆ ಬಿಟ್ಟೇ 7,500 ಆಯಿತು. ಶೇಕಡ 8ರ ಬಡ್ಡಿಯಲ್ಲಿ 20 ವರ್ಷದ ಗೃಹಸಾಲಕ್ಕೆ ಒಂದು ಲಕ್ಷಕ್ಕೆ ಕಂತು ಸುಮಾರು 836 ರೂಪಾಯಿ. ಹಾಗಾಗಿ ಆ 7,500 ಹತ್ತಿರ ಹತ್ತಿರ 9 ಲಕ್ಷ ಸಾಲದ ಕಂತಿಗೆ ಸಮ. ಒಳಗಿನ ಬಡಾವಣೆಯ ಫ್ಲಾಟು ಹೊರಗಿನದಕ್ಕಿಂತ 8 ಲಕ್ಷ ದುಬಾರಿ ಎಂದು ಕೈಬಿಡುವ ಮೊದಲು ಈ ಎರಡು ಸಾಲನ್ನು ಹಾಳೆಯ ಮೇಲೆ ಬರೆದು ನೋಡಬೇಕು. ಆದರೆ ಲೆಕ್ಕ ನಿಜವಾಗುವುದು ಕಾರನ್ನು ಕೊಳ್ಳದೆ ಉಳಿದರೆ, ಇಲ್ಲವೇ ಇರುವುದನ್ನು ಮಾರಿದರೆ ಮಾತ್ರ. ಕಾರು ಇಟ್ಟುಕೊಂಡೂ ಒಳಗೆ ಬಂದರೆ ಎರಡೂ ಕಡೆಯಿಂದ ಖರ್ಚು.

ಕಾರು ಬಿಡಬಹುದೇ ಎಂಬುದನ್ನು ಕಾಲಿನಿಂದಲೇ ತಿಳಿಯಬೇಕು. ಜಾಹೀರಾತಿನ ‘ಐದು ನಿಮಿಷ’ ಬಹುಪಾಲು ಗಾಡಿಯ ಐದು ನಿಮಿಷ. ಆರೋಗ್ಯವಂತರು ಹತ್ತು ನಿಮಿಷದಲ್ಲಿ 700ರಿಂದ 800 ಮೀಟರ್ ನಡೆಯುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ 500 ಮೀಟರ್ ಎಂದೇ ಹಿಡಿಯಿರಿ. ಆ ಅಳತೆಯೊಳಗೆ ಹಾಲು, ತರಕಾರಿ, ದಿನಸಿ, ಔಷಧಿ, ಒಬ್ಬ ಡಾಕ್ಟರು, ಬಸ್ ಸ್ಟಾಪು, ಮಕ್ಕಳಿದ್ದರೆ ಶಾಲೆ ಇರಬೇಕು. ಉದ್ಯಾನ ಇದ್ದರೆ ಬೋನಸ್ಸು. ಮ್ಯಾಪಿನಲ್ಲಿ ಗೆರೆ ಎಳೆದು ನೋಡಿದರೆ ಸಾಲದು, ನಡುವೆ ದಾಟಬೇಕಾದ ರಸ್ತೆ ಯಾವುದು ಎಂಬುದೇ ಮುಖ್ಯ. 24 ಮೀಟರ್ ಅಗಲದ ರಸ್ತೆ ದಾಟಲು ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 20 ಸೆಕೆಂಡು ಬೇಕು, ಮಂಡಿನೋವಿನ ಅಜ್ಜಿಗೆ 30. ಸಿಗ್ನಲ್ ಅಷ್ಟು ಹೊತ್ತು ಕೊಡದಿದ್ದರೆ, ಅಥವಾ ಸಿಗ್ನಲ್ಲೇ ಇಲ್ಲದಿದ್ದರೆ, ಆಚೆ ಬದಿಯ ತರಕಾರಿ ಅಂಗಡಿ ಅವರ ಪಾಲಿಗೆ ಇಲ್ಲವೆಂದೇ ಲೆಕ್ಕ.

ಬೆಳಗ್ಗೆ ಶಾಲೆಯ ಹೊತ್ತಿಗೆ ಒಮ್ಮೆ, ಸಂಜೆ ಏಳೂವರೆಗೆ ಒಮ್ಮೆ, ಜೋರು ಮಳೆ ನಿಂತ ತಕ್ಷಣ ಒಮ್ಮೆ ಆ ದಾರಿಯಲ್ಲಿ ನಡೆಯಿರಿ. ಸಂಜೆಯ ನಡಿಗೆ ಮನೆಯ ಹೆಂಗಸರು ಮಾಡಿದರೆ ಒಳ್ಳೆಯದು. ಯಾವ ಕ್ರಾಸಿನಲ್ಲಿ ದೀಪವಿಲ್ಲ, ಯಾವ ಗಲ್ಲಿಯಲ್ಲಿ ನಡೆಯಲು ಹಿಂಜರಿಕೆ ಎಂಬುದು ಅವರಿಗೇ ಗೊತ್ತಾಗುವುದು. ಫುಟ್‌ಪಾತಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ ಅಡ್ಡಿಯಿಲ್ಲದ 1.8 ಮೀಟರ್. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್, ಮುರಿದ ಚಪ್ಪಡಿ, ಮನೆಯ ಮುಂದಿನ ಇಳಿಜಾರು ಇವೆಲ್ಲ ಅದನ್ನು ತಿಂದುಹಾಕಿರುತ್ತವೆ. ವಾಹನ ಕಡಿಮೆ ಇರುವ ಕ್ರಾಸ್ ರಸ್ತೆಯಲ್ಲಿ ಫುಟ್‌ಪಾತ್ ಇಲ್ಲದಿದ್ದರೂ ನಡೆಯಬಹುದು. ಮೇನ್ ರಸ್ತೆಯಲ್ಲಿ ಅದಿಲ್ಲದಿದ್ದರೆ ಮಗುವನ್ನು ಒಂಟಿಯಾಗಿ ಶಾಲೆಗೆ ಕಳಿಸುವ ಆಸೆ ಬಿಡಬೇಕಾಗುತ್ತದೆ. ಬಸ್ಸಿನ ವಿಷಯಕ್ಕೆ ಬಂದರೆ ಎಷ್ಟು ನಿಮಿಷಕ್ಕೊಂದು ಬರುತ್ತದೆ, ರಾತ್ರಿ ಕೊನೆಯದು ಎಷ್ಟಕ್ಕೆ ಎಂದು ಕಂಡಕ್ಟರನ್ನೇ ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು ಮನೆಯಲ್ಲಿದ್ದರೆ ತಿಂಗಳ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು.

ಇನ್ನು ಕಟ್ಟಡ. ಮೊದಲು ತಾರಸಿಗೆ ಹತ್ತಿ, ಫ್ಲಾಟಿನ ಒಳಗೆ ಆಮೇಲೆ ಹೋಗಿ. ಸಜ್ಜಾ, ಬಾಲ್ಕನಿಯ ಅಡಿಭಾಗ, ನೀರಿನ ಟ್ಯಾಂಕಿನ ಕೆಳಗಿನ ತೊಲೆ ಇವೇ ಮೊದಲು ಕೆಡುವ ಜಾಗಗಳು. ನೀರು ಇಳಿದು ಕಬ್ಬಿಣ ತುಕ್ಕು ಹಿಡಿದರೆ ಊದುತ್ತದೆ, ಊದಿದ ಕಂಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕಂಬಿಯ ಉದ್ದಕ್ಕೇ ಓಡುವ ನೇರ ಬಿರುಕು, ಕಂದು ಕಲೆ, ತಟ್ಟಿದರೆ ಟೊಳ್ಳು ಸದ್ದು ಈ ಮೂರೂ ಒಟ್ಟಿಗೆ ಕಂಡರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸದೆ ಮುಂಗಡ ಕೊಡಬಾರದು. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. ಬಚ್ಚಲಿನ ಸೋರಿಕೆಯನ್ನು ಕೆಳಗಿನ ಮನೆಯವರ ಸೀಲಿಂಗಿನಲ್ಲಿ ನೋಡಬೇಕು; ಅಲ್ಲಿಗೆ ಹೋಗಿ ಕೇಳಿದರೆ ಕಟ್ಟಡದ ಚರಿತ್ರೆಯೂ ಸಿಗುತ್ತದೆ.

ನೀರಿಗೊಂದು ಲೆಕ್ಕ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ವರ ಮನೆಗೆ 540 ಲೀಟರ್, 12 ಫ್ಲಾಟಿಗೆ 6,480. ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರುವ ಬೀದಿಯಾದರೆ ಸಂಪಿನಲ್ಲಿ ಕನಿಷ್ಠ 13,000 ಲೀಟರ್ ಹಿಡಿಯಬೇಕು. ಸಂಪಿನ ಉದ್ದ, ಅಗಲ, ಆಳವನ್ನು ಮೀಟರಿನಲ್ಲಿ ಗುಣಿಸಿ. ಒಂದು ಘನ ಮೀಟರ್ ಅಂದರೆ 1,000 ಲೀಟರ್. ಸಾಲದಿದ್ದರೆ ಉಳಿದದ್ದು ಬೋರ್‌ವೆಲ್ಲಿನದು ಅಥವಾ ಟ್ಯಾಂಕರಿನದು, ಅದರ ಖರ್ಚು ಮೇಂಟೆನೆನ್ಸ್‌ನಲ್ಲಿ ಬರುತ್ತದೆ. ಫ್ಲಾಟು ಮಾಲೀಕರ ಸಂಘದ ಮೂರು ವರ್ಷದ ಜಮಾ ಖರ್ಚು ಕೇಳಿ ಪಡೆಯಿರಿ. ಲಿಫ್ಟು, ಮೋಟಾರು, ತಾರಸಿಯ ವಾಟರ್‌ಪ್ರೂಫಿಂಗ್‌ಗೆ ಹಣ ತೆಗೆದಿಟ್ಟಿಲ್ಲದಿದ್ದರೆ ಆ ಭಾರ ಹೊಸದಾಗಿ ಬಂದವರ ಮೇಲೂ ಬೀಳುತ್ತದೆ. ವೈರಿಂಗಿನಲ್ಲಿ ಅರ್ಥಿಂಗ್ ಇದೆಯೇ, ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿದ್ದಾರೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರು ಅರ್ಧ ಗಂಟೆಯಲ್ಲಿ ಹೇಳುತ್ತಾರೆ.

ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲು, ಓಣಿಯ ಪಾಲೂ ಸೇರಿದ ಅಳತೆ) 1,200 ಚದರ ಅಡಿ ಎಂದರೆ ಒಳಗೆ ಕಾಲಿಡುವ ಜಾಗ 850ರಿಂದ 900 ಇರಬಹುದು. ಟೇಪು ಹಿಡಿದು ಅಳೆಯಿರಿ. ಅದಕ್ಕಿಂತ ಹೆಚ್ಚಿನ ಬೆಲೆ ಬಾಳುವುದು ಕ್ರಯಪತ್ರದಲ್ಲಿ ಬರೆದ ಅವಿಭಜಿತ ಜಮೀನಿನ ಪಾಲು. 60×80 ಅಡಿಯ ಸೈಟಿನಲ್ಲಿ 12 ಫ್ಲಾಟಿದ್ದರೆ ತಲಾ 400 ಚದರ ಅಡಿ. ಕಟ್ಟಡ ಹಳೆಯದಾದಷ್ಟೂ ನೀವು ಕೊಳ್ಳುತ್ತಿರುವುದು ಆ ಪಾಲನ್ನೇ. ಎಲ್ಲರ ಪಾಲನ್ನು ಕೂಡಿದರೆ ಸೈಟಿನ ಅಳತೆಗೆ ಸರಿಹೊಂದಬೇಕು.

ಕಾಗದಪತ್ರದಲ್ಲಿ ಹಳೆಯ ಬಡಾವಣೆಗೊಂದು ಅನುಕೂಲ ಇದೆ, ಒಂದು ತೊಡಕೂ ಇದೆ. ಅನುಕೂಲವೆಂದರೆ ಮೂಲ ಸ್ಪಷ್ಟ: ಸಿಐಟಿಬಿಯ, ಇಲ್ಲವೇ 1988ರ ನಂತರವಾದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ಹಂಚಿಕೆ ಪತ್ರ, ಸ್ವಾಧೀನ ಪತ್ರ, ಹಕ್ಕುಪತ್ರ. ರೆವಿನ್ಯೂ ಸೈಟಿನ (ಕೃಷಿಭೂಮಿಯನ್ನು ಪರಿವರ್ತಿಸದೆ ಮಾಡಿದ ಸೈಟಿನ) ರಗಳೆ ಇಲ್ಲ. ತೊಡಕು ವಾರಸುದಾರರದ್ದು. ಸೈಟಿನ ಯಜಮಾನರು ತೀರಿಕೊಂಡು ಮೂರು ಮಕ್ಕಳಲ್ಲಿ ಇಬ್ಬರು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಮನೆಗಳು ಇಲ್ಲಿ ಬಹಳ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೂ ಇದೆಯೇ, ಹಿಂದಿನ ಪ್ರತಿ ವಿಭಾಗಪತ್ರಕ್ಕೆ ಅವರ ಸಹಿ ಇದೆಯೇ ಎಂದು ವಕೀಲರಿಂದ ನೋಡಿಸಬೇಕು. ಹೊರದೇಶದಿಂದ ಬರುವ ಜಿಪಿಎ (ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲೋ ನೋಟರಿಯ ಮುಂದೆಯೋ ದೃಢೀಕರಣಗೊಂಡು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಕಟ್ಟಿಸಿಕೊಂಡಿರಬೇಕು.

ಮಾರುವವರು ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದರೆ ಕೊಳ್ಳುವವರು ಎಡವುವ ಜಾಗ ಇಲ್ಲಿದೆ. ಇಲ್ಲಿನ ನಿವಾಸಿಯಿಂದ ಕೊಂಡರೆ ಬೆಲೆ 50 ಲಕ್ಷ ಮುಟ್ಟಿದಾಗ ಮಾತ್ರ ಶೇಕಡ 1 ಟಿಡಿಎಸ್, ಅಂದರೆ ಕೊಳ್ಳುವವರು ಬೆಲೆಯಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಅನಿವಾಸಿಯಿಂದಾದರೆ 50 ಲಕ್ಷದ ಆ ಮಿತಿಯೇ ಇಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅವರ ಬಳಿ ಇದ್ದ ಆಸ್ತಿಗೆ ಶೇಕಡ 12.5, ಅದರ ಮೇಲೆ ಸೆಸ್ಸು, ಅನ್ವಯಿಸಿದರೆ ಸರ್ಚಾರ್ಜು. ಕಡಿಮೆ ಕಡಿತಕ್ಕೆ ಅವರು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತಂದುಕೊಡದಿದ್ದರೆ ಪೂರ್ತಿ ಬೆಲೆಯ ಮೇಲೇ ಹಿಡಿಯುವುದು ಕ್ಷೇಮ. ಹಿಡಿಯದೆ ಬಿಟ್ಟರೆ ಇಲಾಖೆ ಕೇಳುವುದು ಕೊಂಡವರನ್ನು.

ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ (ಇಸಿ) 30 ವರ್ಷದ್ದು ಬೇಕು. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದು ಮಹಡಿ ಎಣಿಸಿ. ನಕ್ಷೆಯಲ್ಲಿಲ್ಲದ ಮೇಲಿನ ಮಹಡಿಯ ಫ್ಲಾಟು ಅಗ್ಗಕ್ಕೆ ಬರುತ್ತದೆ, ಅಗ್ಗವಾಗಿರುವುದೇ ಅದಕ್ಕಾಗಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ಈಗ ನೋಂದಣಿ ನಡೆಯುವುದಿಲ್ಲ, ಆದ್ದರಿಂದ ಇ-ಖಾತಾ ಕೈಗೆ ಬಂದ ಮೇಲೆಯೇ ಕ್ರಯದ ದಿನ ಗೊತ್ತುಮಾಡಿ. ಹೆಸರಿನ ಒಂದು ಅಕ್ಷರ ವ್ಯತ್ಯಾಸವಿದ್ದರೂ ವಾರಗಟ್ಟಲೆ ನಿಲ್ಲುತ್ತದೆ.

ಕೈಯಲ್ಲಿ ಎಷ್ಟು ಹಣ ಬೇಕು? 48 ಲಕ್ಷದ ಫ್ಲಾಟು ಎಂದುಕೊಳ್ಳೋಣ. ಮುದ್ರಾಂಕ ಶುಲ್ಕ ಶೇಕಡ 5, ಅಂದರೆ 2,40,000. ಅದರ ಮೇಲೆ ಶೇಕಡ 10ರ ಸೆಸ್ 24,000, ಶೇಕಡ 2ರ ಸರ್ಚಾರ್ಜ್ 4,800. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡ 1 ಇದ್ದದ್ದು 2 ಆಗಿದೆ, 96,000. ಒಟ್ಟು 3,64,800. ಬ್ಯಾಂಕು ಈ ಮೊತ್ತಕ್ಕೆ ಸಾಲ ಸೇರಿಸುವುದಿಲ್ಲ. 30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಮೌಲ್ಯದ ಶೇಕಡ 80ರ ಮಿತಿ. ಹಾಗಾಗಿ ಹೆಚ್ಚೆಂದರೆ 38.4 ಲಕ್ಷ ಸಾಲ, ಸ್ವಂತದ್ದು 9.6 ಲಕ್ಷ, ನೋಂದಣಿ ಖರ್ಚು ಸೇರಿ 13.25 ಲಕ್ಷ. ಹಳೆಯ ಕಟ್ಟಡದಲ್ಲಿ ಈ ಲೆಕ್ಕ ತಪ್ಪುವುದು ಬ್ಯಾಂಕಿನ ವ್ಯಾಲ್ಯುವರ್ 44 ಲಕ್ಷ ಎಂದು ಬರೆದಾಗ. ಆಗ ಸಾಲ 35.2 ಲಕ್ಷಕ್ಕೆ ಇಳಿದು ಕೈಯಿಂದ ಇನ್ನೂ 3.2 ಲಕ್ಷ ಹೊಂದಿಸಬೇಕಾಗುತ್ತದೆ. ಅದಕ್ಕೇ ಕರಾರು ಪತ್ರದಲ್ಲಿ ‘ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸು’ ಎಂಬ ಸಾಲು, ಜೊತೆಗೆ ಎಷ್ಟು ದಿನದೊಳಗೆ ಎಂಬುದು, ಎರಡೂ ಇರಲೇಬೇಕು. ಬೆಲೆಯಲ್ಲಿ ಒಂದಿಷ್ಟು ನಗದಾಗಿ ಕೊಡಿ ಎಂದು ಕೇಳಿದರೆ ಒಪ್ಪಬೇಡಿ: ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಕ್ರಯಪತ್ರದಲ್ಲಿ ಬೆಲೆ ಇಳಿದಷ್ಟೂ ನಿಮ್ಮ ಸಾಲವೂ ಇಳಿಯುತ್ತದೆ.

ನೋಂದಣಿಯಾದ ಮೇಲೆ ಖಾತೆ ನಿಮ್ಮ ಹೆಸರಿಗೆ ಬದಲಾಗಬೇಕು, ಚೆಸ್ಕಾಂ ವಿದ್ಯುತ್ ಮೀಟರು ಮತ್ತು ನೀರಿನ ಸಂಪರ್ಕದ ಹೆಸರೂ ಬದಲಾಗಬೇಕು. ಸಂಘದಿಂದ ‘ಬಾಕಿ ಇಲ್ಲ’ ಪತ್ರ, ಈ ವರ್ಷದ ಕಂದಾಯದ ರಸೀದಿ, ಕೊನೆಯ ವಿದ್ಯುತ್ ಬಿಲ್ಲು ಇಷ್ಟನ್ನೂ ಕೊನೆಯ ಚೆಕ್ ಕೊಡುವ ಮುನ್ನವೇ ಕೈಗೆ ತೆಗೆದುಕೊಳ್ಳಿ. ಹಳೆಯ ಯಜಮಾನರು ಚೆಸ್ಕಾಂನಲ್ಲಿ ಇಟ್ಟಿರುವ ಠೇವಣಿ ಯಾರಿಗೆ ಸೇರಬೇಕು ಎಂಬುದನ್ನೂ ಕರಾರಿನಲ್ಲೇ ಬರೆಸಿ.